ಯಾರನ್ನೂ ಕೊಲ್ಲದ ಸಹಾಯಕ ಟಿ ಕೋಶ ಹೋದರೆ ಇಡೀ ದೇಹ ಯಾಕೆ ಸೋಲುತ್ತದೆ?

ಬಯಾಲಜಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕನ್ನಡದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಮೊನ್ನೆ ರೋಗನಿರೋಧಕ ವ್ಯವಸ್ಥೆಯ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ಬಿ ಕೋಶ ಆ್ಯಂಟಿಬಾಡಿ ಮಾಡುತ್ತದೆ. ಕೊಲ್ಲುವ ಟಿ ಕೋಶ ಸೋಂಕು ತಗುಲಿದ ಕೋಶವನ್ನು ಕೊಲ್ಲುತ್ತದೆ. ಮ್ಯಾಕ್ರೋಫೇಜ್ ನುಂಗುತ್ತದೆ. ಸಹಾಯಕ ಟಿ ಕೋಶ ಇದ್ಯಾವುದನ್ನೂ ಮಾಡುವುದಿಲ್ಲ. ಎಚ್‌ಐವಿ ಅದೊಂದನ್ನು ಹಾಳು ಮಾಡಿದರೆ ಉಳಿದವು ಯಾಕೆ ಕೈಕಟ್ಟಿ ಕೂರುತ್ತವೆ?" ಅಂತ ಕೇಳಿದಳು.

ನಾನು ಗೈಡುಗಳಲ್ಲಿ ಇರುವ ಉತ್ತರವನ್ನೇ ಕೊಟ್ಟೆ. ಅದು ಸೇನಾಪತಿ ಇದ್ದ ಹಾಗೆ, ಸೇನಾಪತಿ ಇಲ್ಲದಿದ್ದರೆ ಸೈನ್ಯ ಯುದ್ಧ ಮಾಡುವುದಿಲ್ಲ ಎಂದೆ. ಅವಳು ಕೂತಳು, ಆದರೆ ಮುಖ ನೋಡಿದರೆ ಒಪ್ಪಿಲ್ಲ ಅಂತ ಗೊತ್ತಾಯಿತು. ಮನೆಗೆ ಬಂದ ಮೇಲೆ ನನಗೂ ಸಮಾಧಾನವಿಲ್ಲ. ಸೇನಾಪತಿ ಸತ್ತರೂ ಕಣ್ಣೆದುರು ಬಂದ ಶತ್ರುವಿಗೆ ಸೈನಿಕ ಗುಂಡು ಹೊಡೆದೇ ಹೊಡೆಯುತ್ತಾನೆ ಅಲ್ವಾ? ಅವಳಿಗೆ ಸರಿಯಾದ ಉತ್ತರ ಕೊಡಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ಮೆಲ್ಬರ್ನ್ ಕನ್ನಡಿಗ

ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಶಭಾಷ್ ಹೇಳಿ. ನಾನು ಇದೇ ಕೋಶಗಳ ಮೇಲೆ ಕೆಲಸ ಮಾಡುವವನು. ಸೇನಾಪತಿ ಹೋಲಿಕೆ ನನಗೆ ಮೊದಲಿನಿಂದಲೂ ಒಪ್ಪಿಗೆಯಿಲ್ಲ. ಸಹಾಯಕ ಟಿ ಕೋಶ ತಾನಾಗಿ ಯಾವ ಆದೇಶವನ್ನೂ ಕೊಡುವುದಿಲ್ಲ. ಅದಕ್ಕೆ ರೋಗಾಣುವನ್ನು ನೇರವಾಗಿ ನೋಡುವ ಕಣ್ಣೇ ಇಲ್ಲ. ಬೇರೆಯವರು ತಂದು ತೋರಿಸಿದ್ದನ್ನು ಮಾತ್ರ ಅದು ಗುರುತಿಸುತ್ತದೆ.

ಕಾಲಿಗೆ ಮುಳ್ಳು ಚುಚ್ಚಿತು ಅಂದುಕೊಳ್ಳಿ. ಅದರ ಜೊತೆ ಬ್ಯಾಕ್ಟೀರಿಯ ಒಳಗೆ ಹೋಯಿತು. ಚರ್ಮದಲ್ಲಿ ಡೆಂಡ್ರಿಟಿಕ್ ಕೋಶ ಅಂತ ಇರುತ್ತದೆ. ಮರದ ಕೊಂಬೆಗಳ ಹಾಗೆ ಕೈ ಚಾಚಿಕೊಂಡಿರುತ್ತದೆ. ಅದು ಆ ಬ್ಯಾಕ್ಟೀರಿಯವನ್ನು ನುಂಗಿ, ಅದರ ಪ್ರೋಟೀನನ್ನು ಚೂರು ಚೂರು ಮಾಡುತ್ತದೆ. ಒಂದೊಂದು ಚೂರಿನಲ್ಲಿ ಹೆಚ್ಚು ಕಡಿಮೆ 13ರಿಂದ 25 ಅಮೈನೋ ಆಮ್ಲ ಇರುತ್ತವೆ. ಆ ಚೂರನ್ನು ಎಂಎಚ್‌ಸಿ 2 ಎಂಬ ತಟ್ಟೆಯಲ್ಲಿಟ್ಟು ಮೈಮೇಲೆ ಪ್ರದರ್ಶಿಸುತ್ತದೆ. ಆಮೇಲೆ ಹೊರಟು ತೊಡೆಸಂದಿನ ದುಗ್ಧಗ್ರಂಥಿಗೆ ಬರುತ್ತದೆ. ಗಾಯವಾದಾಗ ಅಲ್ಲಿ ಗಡ್ಡೆ ಕಟ್ಟುತ್ತದಲ್ಲ, ಅದೇ ಜಾಗ.

ದುಗ್ಧಗ್ರಂಥಿಯನ್ನು ನಾನು ವಾರದ ಸಂತೆ ಅಂತ ಕಲ್ಪಿಸಿಕೊಳ್ಳುತ್ತೇನೆ. ಒಂದು ರೋಗಾಣುವಿನ ಒಂದು ಚೂರನ್ನು ಗುರುತಿಸಬಲ್ಲ ಸಹಾಯಕ ಟಿ ಕೋಶಗಳು ತೀರಾ ಕಡಿಮೆ. ಲಕ್ಷಕ್ಕೋ ಹತ್ತು ಲಕ್ಷಕ್ಕೋ ಒಂದು. ಅಂಥ ಒಂದು ಕೋಶ ಇಡೀ ದೇಹ ಸುತ್ತಿ ಮುಳ್ಳು ಚುಚ್ಚಿದ ಜಾಗವನ್ನು ಹುಡುಕಲು ಆಗುವುದಿಲ್ಲ. ಅದಕ್ಕೇ ಎಲ್ಲರೂ ಸಂತೆಗೆ ಬರುತ್ತಾರೆ. ಟಿ ಕೋಶ ಒಂದು ಸಂತೆಯಲ್ಲಿ ಅರ್ಧ ದಿನವೋ ಒಂದು ದಿನವೋ ಇದ್ದು, ತನ್ನ ಚೂರು ಸಿಗದಿದ್ದರೆ ಇನ್ನೊಂದು ಸಂತೆಗೆ ಹೋಗುತ್ತದೆ.

ಸಿಕ್ಕಿತು ಅಂದುಕೊಳ್ಳಿ. ಅಷ್ಟಕ್ಕೇ ಅದು ಎಚ್ಚರಗೊಳ್ಳುವುದಿಲ್ಲ. ಚೂರು ಹೊಂದಿದ್ದು ಮೊದಲ ಸಂಕೇತ. ಡೆಂಡ್ರಿಟಿಕ್ ಕೋಶಕ್ಕೆ ಅಪಾಯದ ವಾಸನೆ ಬಡಿದಿದ್ದರೆ ಮಾತ್ರ ಅದರ ಮೈಮೇಲೆ ಬಿ7 ಎಂಬ ಅಣುಗಳು ಜಾಸ್ತಿಯಾಗುತ್ತವೆ. ಅವು ಟಿ ಕೋಶದ ಸಿಡಿ28 ಜೊತೆ ಕೈ ಸೇರಿಸುತ್ತವೆ. ಇದು ಎರಡನೇ ಸಂಕೇತ. ಎರಡೂ ಬಂದರೆ ಟಿ ಕೋಶ ಐಎಲ್-2 ಎಂಬ ರಾಸಾಯನಿಕ ಸುರಿಸಿಕೊಂಡು ಕೆಲವೇ ದಿನಗಳಲ್ಲಿ ಸಾವಿರಾರು ಆಗುತ್ತದೆ. ಮೊದಲನೆಯದು ಮಾತ್ರ ಬಂದು ಎರಡನೆಯದು ಬರದಿದ್ದರೆ ಆ ಕೋಶ ಮಂಕಾಗಿಬಿಡುತ್ತದೆ. ಮುಂದೆ ಅದೇ ಚೂರನ್ನು ತೋರಿಸಿದರೂ ಏಳುವುದಿಲ್ಲ.

ಅಡಿಕೆ ತೋಟ

ನಾನು ವಿಜ್ಞಾನ ಓದಿದವನಲ್ಲ. ಆದರೆ ಇದನ್ನು ಓದುವಾಗ ನಮ್ಮ ಊರಿನ ಸೊಸೈಟಿ ನೆನಪಾಯಿತು. ಚೆಕ್ಕಿಗೆ ಅಧ್ಯಕ್ಷರ ಸಹಿಯೂ ಬೇಕು, ಕಾರ್ಯದರ್ಶಿಯ ಸಹಿಯೂ ಬೇಕು. ಒಂದೇ ಸಹಿ ಇದ್ದರೆ ಬ್ಯಾಂಕಿನವರು ದುಡ್ಡು ಕೊಡುವುದಿಲ್ಲ. ಹೀಗೆ ತಾನೇ?

ಆದರೆ ಒಂದು ಅನುಮಾನ. ರೋಗಾಣು ಬಂದಾಗ ಸಹಿ ಹಾಕಿಸುತ್ತಾ ಕೂತರೆ ಕಾಲ ಮೀರುವುದಿಲ್ಲವೇ? ಬಿ ಕೋಶಕ್ಕೆ ಶತ್ರು ಕಂಡ ಮೇಲೆ ನೇರ ಹೊಡೆಯಲಿ. ಮಧ್ಯೆ ಇನ್ನೊಬ್ಬರ ಒಪ್ಪಿಗೆ ಯಾಕೆ?

ಮೆಲ್ಬರ್ನ್ ಕನ್ನಡಿಗ

ಸೊಸೈಟಿಯ ಹೋಲಿಕೆ ನನ್ನ ಸಂತೆಗಿಂತ ಚೆನ್ನಾಗಿದೆ. ಇನ್ನು ಮುಂದೆ ಅದನ್ನೇ ಬಳಸುತ್ತೇನೆ. ಟೀಚರ್ ಅವರ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ.

ಮೊದಲು ಒಂದು ಸಣ್ಣ ಕಥೆ. 1961ರಲ್ಲಿ ಜಾಕ್ ಮಿಲ್ಲರ್ ಲಂಡನ್ನಿನಲ್ಲಿ ಹುಟ್ಟಿದ ತಕ್ಷಣದ ಇಲಿಮರಿಗಳ ಥೈಮಸ್ ಗ್ರಂಥಿ ತೆಗೆದು ನೋಡಿದರು. ಎದೆಗೂಡಿನಲ್ಲಿ ಹೃದಯದ ಮೇಲಿರುವ ಆ ಗ್ರಂಥಿಗೆ ಏನೂ ಕೆಲಸವಿಲ್ಲ ಎಂದು ಆಗ ಬಹಳ ಜನ ನಂಬಿದ್ದರು. ಆ ಮರಿಗಳು ಸೋಂಕಿಗೆ ಸುಲಭವಾಗಿ ತುತ್ತಾದವು. ಬೇರೆ ಇಲಿಯ ಚರ್ಮ ಕಸಿ ಮಾಡಿದರೂ ತಿರಸ್ಕರಿಸಲಿಲ್ಲ. ಆಮೇಲೆ ಅವರು ನಾನೀಗ ಇರುವ ಮೆಲ್ಬರ್ನ್‌ಗೆ ಬಂದರು. 1968ರಲ್ಲಿ ವಿದ್ಯಾರ್ಥಿ ಗ್ರಹಾಂ ಮಿಚೆಲ್ ಜೊತೆ ಸೇರಿ ಒಂದು ವಿಷಯ ಸಾಬೀತು ಮಾಡಿದರು. ಆ್ಯಂಟಿಬಾಡಿ ಮಾಡುವುದು ಮೂಳೆಮಜ್ಜೆಯಿಂದ ಬಂದ ಕೋಶಗಳು. ಆದರೆ ಥೈಮಸ್‌ನಿಂದ ಬಂದ ಕೋಶಗಳು ಜೊತೆಗಿಲ್ಲದಿದ್ದರೆ ಅವು ಸರಿಯಾಗಿ ಮಾಡುವುದೇ ಇಲ್ಲ. "ಸಹಾಯಕ" ಎಂಬ ಮಾತು ಬಂದದ್ದು ಇಂಥ ಪ್ರಯೋಗಗಳಿಂದ.

ಈಗ ಒಪ್ಪಿಗೆ ಯಾಕೆ ಬೇಕು ಅನ್ನುವುದಕ್ಕೆ ಬರೋಣ. ಟಿ ಕೋಶ ಥೈಮಸ್‌ನಲ್ಲಿ ಬಹಳ ಕಠಿಣ ಪರೀಕ್ಷೆ ಪಾಸಾಗಬೇಕು. ನಮ್ಮದೇ ದೇಹದ ಚೂರುಗಳನ್ನು ತೋರಿಸುತ್ತಾರೆ. ಅವಕ್ಕೆ ಜೋರಾಗಿ ಅಂಟಿಕೊಂಡರೆ ಸಾವು. ಏನನ್ನೂ ಗುರುತಿಸದಿದ್ದರೂ ಸಾವು. ನೂರರಲ್ಲಿ 95ಕ್ಕಿಂತ ಜಾಸ್ತಿ ಕೋಶಗಳು ಅಲ್ಲೇ ಮುಗಿಯುತ್ತವೆ. ಪಾಸಾಗಿ ಹೊರಬಂದ ಮೇಲೆ ಅದರ ಗುರುತಿಸುವ ಅಣು ಜೀವಮಾನವಿಡೀ ಬದಲಾಗುವುದಿಲ್ಲ.

ಬಿ ಕೋಶ ಹಾಗಲ್ಲ. ಅದಕ್ಕೂ ಮೂಳೆಮಜ್ಜೆಯಲ್ಲಿ ಪರೀಕ್ಷೆ ಇದೆ. ಆದರೆ ಹೊರಗೆ ಬಂದು ಸೋಂಕಿನ ಮಧ್ಯೆ ನಿಂತಾಗ ಅದು ತನ್ನ ಆ್ಯಂಟಿಬಾಡಿಯ ಜೀನನ್ನೇ ಬೇಕಂತಲೇ ಬದಲಾಯಿಸಿಕೊಳ್ಳುತ್ತದೆ. ಇನ್ನೂ ಗಟ್ಟಿಯಾಗಿ ಅಂಟುವ ಆ್ಯಂಟಿಬಾಡಿ ಸಿಗಲಿ ಅಂತ. ಈ ಆಟದಲ್ಲಿ ಆಕಸ್ಮಿಕವಾಗಿ ನಮ್ಮದೇ ಕೀಲಿಗೋ ಕಿಡ್ನಿಗೋ ಅಂಟುವ ಆ್ಯಂಟಿಬಾಡಿಯೂ ಹುಟ್ಟಬಹುದು. ಹಾಗಾಗಿ ಬದಲಾಗುವವನ ಕೈಯಲ್ಲಿ ಪೂರ್ತಿ ಅಧಿಕಾರ ಕೊಟ್ಟಿಲ್ಲ. ಬದಲಾಗದವನ ಸಹಿಯೂ ಬೇಕು. ಬಿ ಕೋಶ ತಾನು ಹಿಡಿದದ್ದನ್ನು ನುಂಗಿ, ಚೂರು ಮಾಡಿ, ತಟ್ಟೆಯಲ್ಲಿಟ್ಟು ಸಹಾಯಕ ಟಿ ಕೋಶಕ್ಕೆ ತೋರಿಸಬೇಕು. ಆ ಚೂರು ಪರಕೀಯ ಅಂತ ಅದಕ್ಕೂ ಅನಿಸಿದರೆ ಮಾತ್ರ ಮುಂದಿನ ಕೆಲಸ.

ನನ್ನ ಪ್ರಕಾರ ಆ ಹುಡುಗಿಗೆ ಹೇಳಬೇಕಾದ್ದು ಇದನ್ನೇ. ಅದು ಆದೇಶ ಕೊಡುವವನಲ್ಲ, ಎರಡನೇ ಸಹಿ ಹಾಕುವವನು. ಸೇನಾಪತಿ ಸತ್ತರೆ ಬಂದೂಕು ಸಿಡಿಯುತ್ತದೆ. ಎರಡನೇ ಸಹಿಯವನು ಸತ್ತರೆ ಖಜಾನೆ ತುಂಬಿದ್ದರೂ ಒಂದು ರೂಪಾಯಿ ಹೊರಬರುವುದಿಲ್ಲ.

ಮಕ್ಕಳ ಡಾಕ್ಟರ್

ಈ ಮಾತಿಗೆ ಒಂದು ಗಟ್ಟಿ ಸಾಕ್ಷಿ ಕೊಡುತ್ತೇನೆ. ತರಬೇತಿಯ ದಿನಗಳಲ್ಲಿ ನಾನು ಅಂಥ ಒಂದು ಮಗುವನ್ನು ನೋಡಿದ್ದೆ, ಇವತ್ತಿಗೂ ಮರೆತಿಲ್ಲ.

ಹೈಪರ್ ಐಜಿಎಂ ಅಂತ ಒಂದು ಅಪರೂಪದ ಹುಟ್ಟು ಕಾಯಿಲೆ ಇದೆ. ಅದರ ಮುಖ್ಯ ಬಗೆ ಎಕ್ಸ್ ಕ್ರೋಮೋಸೋಮಿನ ಮೂಲಕ ಬರುತ್ತದೆ. ಹಾಗಾಗಿ ಸಾಮಾನ್ಯವಾಗಿ ಗಂಡುಮಕ್ಕಳಿಗೇ ಬರುವುದು. ಈ ಮಕ್ಕಳಲ್ಲಿ ಬಿ ಕೋಶಗಳಿವೆ, ಸಹಾಯಕ ಟಿ ಕೋಶಗಳೂ ಇವೆ. ಲೆಕ್ಕ ಹಾಕಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಇಲ್ಲದಿರುವುದು ಒಂದೇ ಒಂದು ಪ್ರೋಟೀನ್. ಹೆಸರು ಸಿಡಿ40 ಲಿಗ್ಯಾಂಡ್. ಸಹಾಯಕ ಟಿ ಕೋಶ ಬಿ ಕೋಶದ ಸಿಡಿ40 ಮೇಲೆ ಹಾಕುವ "ಸಹಿ" ಇದೇ. 1993ರಲ್ಲಿ ಈ ದೋಷ ಪತ್ತೆಯಾಯಿತು.

ಸಹಿ ಬೀಳದ ಕಾರಣ ಬಿ ಕೋಶಗಳು ಐಜಿಎಂ ಎಂಬ ಮೊದಲ ಹಂತದ ಆ್ಯಂಟಿಬಾಡಿಯನ್ನೇ ಮಾಡುತ್ತಾ ಉಳಿಯುತ್ತವೆ. ಐಜಿಜಿ, ಐಜಿಎ ಎಂಬ ಮುಂದಿನ ಹಂತದ ಬಗೆಗಳಿಗೆ ಬದಲಾಗುವುದಿಲ್ಲ. ಮಗುವಿಗೆ ಮತ್ತೆ ಮತ್ತೆ ಕಿವಿ ಸೋರುತ್ತದೆ, ನ್ಯುಮೋನಿಯ ಆಗುತ್ತದೆ. ಇನ್ನೂ ಮುಖ್ಯವಾದದ್ದು, ಈ ಮಕ್ಕಳಿಗೆ ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯವೂ ಬರುತ್ತದೆ. ಏಡ್ಸ್ ರೋಗಿಗಳಲ್ಲಿ ಕಾಣುವ ಅದೇ ನ್ಯುಮೋನಿಯ. ಯಾಕೆಂದರೆ ಮ್ಯಾಕ್ರೋಫೇಜ್, ಡೆಂಡ್ರಿಟಿಕ್ ಕೋಶಗಳಿಗೂ ಇದೇ ಸಹಿ ಬೇಕು. ಕೊಲ್ಲುವ ಟಿ ಕೋಶ ಪೂರ್ತಿ ತಯಾರಾಗಿ ನೆನಪು ಇಟ್ಟುಕೊಳ್ಳಲಿಕ್ಕೂ ಸಹಾಯಕ ಕೋಶ ಡೆಂಡ್ರಿಟಿಕ್ ಕೋಶವನ್ನು ಮೊದಲು ಹುರಿದುಂಬಿಸಿರಬೇಕು, ಅನೇಕ ಸೋಂಕುಗಳಲ್ಲಿ.

ಕೋಶಗಳೆಲ್ಲ ಇದ್ದು, ಒಂದು ಕೈಕುಲುಕು ತಪ್ಪಿದರೆ ಮಗು ಸಾಯಬಹುದು. ನಿಮ್ಮ ವಿದ್ಯಾರ್ಥಿನಿಗೆ ಇದನ್ನು ಹೇಳಿ ಮೇಡಂ.

ಪುಟ್ಟಿಯ ಅಮ್ಮ

ಓದಿ ಎದೆ ಝಲ್ ಎಂದಿತು ಡಾಕ್ಟ್ರೇ. ನನ್ನ ಮಗಳಿಗೆ ಈಗ ಎರಡು ತಿಂಗಳು. ಮೊನ್ನೆ ಐದು ರೋಗ ತಡೆಯುವ ಪೆಂಟಾ ಮತ್ತು ನ್ಯುಮೋನಿಯ ತಡೆಯುವ ಪಿಸಿವಿ ಲಸಿಕೆ ಹಾಕಿಸಿಕೊಂಡು ಬಂದೆ. ಲಸಿಕೆ ಕೆಲಸ ಮಾಡುವುದಕ್ಕೂ ಈ ಸಹಾಯಕ ಕೋಶ ಬೇಕಾ?

ಮಕ್ಕಳ ಡಾಕ್ಟರ್

ಬೇಕು. ಆ ಎರಡು ಲಸಿಕೆಗಳಲ್ಲಂತೂ ಅದನ್ನೇ ನಂಬಿಕೊಂಡು ಒಂದು ಜಾಣ ಉಪಾಯ ಮಾಡಿದ್ದಾರೆ.

ಪೆಂಟಾದಲ್ಲಿ ಹಿಬ್ ಎಂಬ ಬ್ಯಾಕ್ಟೀರಿಯದ ವಿರುದ್ಧದ ಲಸಿಕೆ ಇದೆ. ಮಕ್ಕಳ ಮಿದುಳುಪೊರೆಯ ಜ್ವರಕ್ಕೆ ಅದು ಒಂದು ದೊಡ್ಡ ಕಾರಣವಾಗಿತ್ತು. ಆ ಬ್ಯಾಕ್ಟೀರಿಯ ಸಕ್ಕರೆ ಸರಪಳಿಯ ಕಂಬಳಿ ಹೊದ್ದುಕೊಂಡಿರುತ್ತದೆ. ಬಿ ಕೋಶ ಆ ಸಕ್ಕರೆಯನ್ನು ಹಿಡಿಯುತ್ತದೆ. ಆದರೆ ಎಂಎಚ್‌ಸಿ ತಟ್ಟೆಯಲ್ಲಿ ಬಡಿಸಲು ಪ್ರೋಟೀನ್ ಚೂರು ಬೇಕು. ಬರೀ ಸಕ್ಕರೆ ಅದರಲ್ಲಿ ಕೂರುವುದಿಲ್ಲ. ಹಾಗಾಗಿ ಸಹಾಯಕ ಟಿ ಕೋಶಕ್ಕೆ ಏನೂ ಕಾಣುವುದಿಲ್ಲ, ಸಹಿ ಬೀಳುವುದಿಲ್ಲ. ದೊಡ್ಡವರ ದೇಹ ಸಹಾಯವಿಲ್ಲದೆಯೂ ಸ್ವಲ್ಪ ಆ್ಯಂಟಿಬಾಡಿ ಮಾಡಿಕೊಳ್ಳುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಆಗುವುದಿಲ್ಲ. ಬರೀ ಸಕ್ಕರೆಯಿಂದ ಮಾಡಿದ ಹಳೆಯ ಲಸಿಕೆ ಕೂಸುಗಳಲ್ಲಿ ಸೋತದ್ದು ಇದೇ ಕಾರಣಕ್ಕೆ.

ಅಮೆರಿಕದಲ್ಲಿ ಜಾನ್ ರಾಬಿನ್ಸ್ ಮತ್ತು ರೇಚಲ್ ಶ್ನೀರ್ಸನ್ ಆ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಗಟ್ಟಿಯಾಗಿ ಕಟ್ಟಿದರು. ಈಗಿನ ಅನೇಕ ಹಿಬ್ ಲಸಿಕೆಗಳಲ್ಲಿ ಕಟ್ಟಿರುವುದು ಧನುರ್ವಾಯುವಿನ ನಿರ್ವಿಷ ಮಾಡಿದ ಪ್ರೋಟೀನ್. ಬಿ ಕೋಶ ಸಕ್ಕರೆ ಹಿಡಿದು ಎಳೆದಾಗ ಪ್ರೋಟೀನೂ ಜೊತೆಗೆ ಒಳಗೆ ಹೋಗುತ್ತದೆ. ಒಳಗೆ ಅದು ಚೂರಾಗಿ ತಟ್ಟೆಗೆ ಬರುತ್ತದೆ. ಟಿ ಕೋಶ ಪ್ರೋಟೀನ್ ಚೂರು ನೋಡಿ ಸಹಿ ಹಾಕುತ್ತದೆ. ಬಿ ಕೋಶ ಸಕ್ಕರೆಯ ವಿರುದ್ಧ ಆ್ಯಂಟಿಬಾಡಿ ಮಾಡುತ್ತದೆ. ಇಬ್ಬರೂ ನೋಡಿದ್ದು ಬೇರೆ ಬೇರೆ ವಸ್ತು, ಆದರೆ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ, ಅಷ್ಟು ಸಾಕು. ಪಿಸಿವಿ ಕೂಡ ಹೀಗೇ. ಹೈದರಾಬಾದಿನಲ್ಲಿ ತಯಾರಾಗಿ ಸಣ್ಣ ಮಕ್ಕಳಿಗೂ ಕೊಡಬಹುದಾದ ಟೈಫಾಯ್ಡ್ ಲಸಿಕೆಯೂ ಹೀಗೇ.

6, 10, 14 ವಾರಕ್ಕೆ ಪೆಂಟಾ ತಪ್ಪಿಸಬೇಡಿ. ಹೈಪರ್ ಐಜಿಎಂ ಬಹಳ ಅಪರೂಪ, ಅದನ್ನು ಓದಿ ಹೆದರಬೇಡಿ.

ಪುಟ್ಟಿಯ ಅಮ್ಮ

ಅಬ್ಬಾ, ಆ ಚುಚ್ಚುಮದ್ದಿನ ಸೀಸೆಯೊಳಗೆ ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ತುಂಬಾ ಥ್ಯಾಂಕ್ಸ್.

ಎಆರ್‌ಟಿ ಕೌನ್ಸೆಲರ್

ನಾನು ಎಚ್‌ಐವಿ ಇರುವವರ ಜೊತೆ ಕೆಲಸ ಮಾಡುತ್ತೇನೆ. ದಿನಾ ಬೆಳಗಾದರೆ ಸಿಡಿ4 ಮಾತೇ. ಅದಕ್ಕೆ ಒಂದೆರಡು ವಿಷಯ ಸೇರಿಸಬೇಕು.

ಸಿಡಿ4 ಅಂದರೆ ಸಹಾಯಕ ಟಿ ಕೋಶದ ಮೈಮೇಲಿನ ಒಂದು ಪ್ರೋಟೀನ್. ಎಂಎಚ್‌ಸಿ 2 ತಟ್ಟೆಯನ್ನು ಹಿಡಿದು ನಿಲ್ಲಲು ಕೋಶ ಅದನ್ನು ಬಳಸುತ್ತದೆ. ಎಚ್‌ಐವಿ ಅದೇ ಹಿಡಿಕೆಗೆ ಕೈ ಹಾಕಿ ಒಳಗೆ ನುಗ್ಗುತ್ತದೆ. ಜೊತೆಗೆ ಸಿಸಿಆರ್5 ಅಥವಾ ಸಿಎಕ್ಸ್‌ಸಿಆರ್4 ಎಂಬ ಎರಡನೇ ಹಿಡಿಕೆಯೂ ಅದಕ್ಕೆ ಬೇಕು.

ಆರೋಗ್ಯವಂತ ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 500ರಿಂದ 1500 ಸಿಡಿ4 ಕೋಶ ಇರುತ್ತವೆ. ಅದು ಇಳಿಯುತ್ತಾ ಹೋದ ಹಾಗೆ ಯಾವ ಕಾಯಿಲೆ ಯಾವಾಗ ಬರುತ್ತದೆ ಅನ್ನುವುದನ್ನು ಗಮನಿಸಿದರೆ ಸಹಾಯಕ ಕೋಶ ಒಳಗೊಳಗೆ ಏನೆಲ್ಲ ಮಾಡುತ್ತಿತ್ತು ಅಂತ ಗೊತ್ತಾಗುತ್ತದೆ. ಕ್ಷಯ ಯಾವ ಹಂತದಲ್ಲೂ ಬರಬಹುದು. ಕ್ಷಯದ ಬ್ಯಾಕ್ಟೀರಿಯ ಮ್ಯಾಕ್ರೋಫೇಜಿನ ಹೊಟ್ಟೆಯೊಳಗೇ ಬದುಕುತ್ತದೆ. ಸಹಾಯಕ ಕೋಶ ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕ ಸುರಿಸಿದರೆ ಮಾತ್ರ ಮ್ಯಾಕ್ರೋಫೇಜ್ ಅದನ್ನು ಸರಿಯಾಗಿ ಅದುಮಿಡಬಲ್ಲದು. 200ಕ್ಕಿಂತ ಕೆಳಗೆ ಬಂದರೆ ಡಾಕ್ಟರ್ ಹೇಳಿದ ಆ ನ್ಯುಮೋಸಿಸ್ಟಿಸ್. 100ಕ್ಕಿಂತ ಕೆಳಗೆ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ ಮಿದುಳುಪೊರೆಗೆ ಬರುತ್ತದೆ. 50ಕ್ಕಿಂತ ಕೆಳಗೆ ಸಿಎಂವಿ ವೈರಸ್ ಕಣ್ಣಿನ ಪರದೆಯನ್ನು ತಿನ್ನುತ್ತದೆ. ಇವುಗಳಲ್ಲಿ ಹಲವು ನಮ್ಮ ಸುತ್ತಮುತ್ತ, ನಮ್ಮ ಒಳಗೇ ಇರುವಂಥವು. ಇಷ್ಟು ದಿನ ಸುಮ್ನೆ ಇದ್ದವು, ಅಷ್ಟೇ.

1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಲ್ಲಿ ಈ ನ್ಯುಮೋಸಿಸ್ಟಿಸ್ ಕಂಡದ್ದರಿಂದಲೇ ಏಡ್ಸ್ ಅನ್ನುವುದು ಜಗತ್ತಿಗೆ ಗೊತ್ತಾಗಿದ್ದು. ನಮ್ಮ ದೇಶದಲ್ಲಿ 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡ ಮೊದಲ ಪ್ರಕರಣಗಳನ್ನು ಗುರುತಿಸಿತು. 2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಅದುಮಿಡುವ ಮಾತ್ರೆ ಶುರುಮಾಡಿತು. ಆಗ ಸಿಡಿ4 ತೀರಾ ಇಳಿಯುವವರೆಗೆ ಕಾಯಬೇಕಿತ್ತು. 2017ರಿಂದ ಹಾಗಿಲ್ಲ. ಎಚ್‌ಐವಿ ಇದೆ ಅಂತ ಗೊತ್ತಾದರೆ ಸಿಡಿ4 ಎಷ್ಟೇ ಇದ್ದರೂ ಮಾತ್ರೆ ಶುರು.

ಒಂದು ನೋವಿನ ಮಾತು. ನಮ್ಮಲ್ಲಿ ಬರುವವರು ಸಿಡಿ4 ಅನ್ನು ಪರೀಕ್ಷೆಯ ಅಂಕದ ಹಾಗೆ ನೋಡುತ್ತಾರೆ. ಕಳೆದ ಸಲ 540 ಇತ್ತು, ಈ ಸಲ 480 ಅಂತ ಅತ್ತವರಿದ್ದಾರೆ. ದಿನದ ಹೊತ್ತು ಬದಲಾದರೂ, ಜ್ವರ ಬಂದಿದ್ದರೂ ಅದು ಏರಿಳಿಯುತ್ತದೆ. ರಕ್ತದಲ್ಲಿರುವುದು ದೇಹದ ಒಟ್ಟು ಸಿಡಿ4 ಕೋಶಗಳಲ್ಲಿ ಒಂದು ಸಣ್ಣ ಪಾಲು ಮಾತ್ರ. ಹೆಚ್ಚಿನವು ಕರುಳಿನ ಗೋಡೆಯಲ್ಲಿ, ದುಗ್ಧಗ್ರಂಥಿಗಳಲ್ಲಿ ಇವೆ. ಮಾತ್ರೆ ತಪ್ಪಿಸದೆ ತಿಂದು ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಕಾಣದಷ್ಟು ಕಡಿಮೆ ಆಗಿದೆಯಾ, ಅದು ಮುಖ್ಯ.

ಅಡಿಕೆ ತೋಟ

ಒಂದು ಸಾಮಾನ್ಯ ಪ್ರಶ್ನೆ. ಹಾಗಾದರೆ ಈ ಸಹಾಯಕ ಕೋಶಗಳನ್ನು ಹೆಚ್ಚಿಸಿಕೊಳ್ಳಲು ಏನು ತಿನ್ನಬೇಕು? ಕೊರೊನಾ ಸಮಯದಲ್ಲಿ ಇಮ್ಯುನಿಟಿ ಬೂಸ್ಟರ್ ಅಂತ ಊರಿಗೆಲ್ಲ ಪುಡಿ ಮಾರಿದರು. ನಮ್ಮ ಮನೆಯಲ್ಲೂ ಸಾಕಷ್ಟು ದುಡ್ಡು ಹೋಯಿತು.

ಕಿಡ್ನಿ ಕೊಟ್ಟ ಅಣ್ಣ

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಆ ಕೋಶಗಳನ್ನು ತಗ್ಗಿಸಲಿಕ್ಕೇ ಪ್ರತಿ ತಿಂಗಳು ಮಾತ್ರೆ ತರುತ್ತೇವೆ.

ತಮ್ಮನಿಗೆ ನನ್ನ ಒಂದು ಕಿಡ್ನಿ ಕೊಟ್ಟೆ. ಅವನ ಸಹಾಯಕ ಟಿ ಕೋಶಗಳಿಗೆ ನನ್ನ ಕಿಡ್ನಿ ಪರಕೀಯ. ಒಡಹುಟ್ಟಿದವರು ಎಂಬುದೆಲ್ಲ ಅವಕ್ಕೆ ಗೊತ್ತಿಲ್ಲ. ಅವನು ದಿನಕ್ಕೆರಡು ಸಲ ಟ್ಯಾಕ್ರೊಲಿಮಸ್ ತಗೊಳ್ಳುತ್ತಾನೆ. ಜಪಾನಿನ ತ್ಸುಕುಬಾ ಕಡೆಯ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯದಲ್ಲಿ ಸಿಕ್ಕ ಔಷಧಿ ಅದು. ಡಾಕ್ಟರ್ ಚಿತ್ರ ಬರೆದು ತೋರಿಸಿದ್ದರು. ಟಿ ಕೋಶದ ಒಳಗೆ ಐಎಲ್-2 ತಯಾರಾಗಲು ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಬೇಕು. ಮಾತ್ರೆ ಅದನ್ನು ತಡೆಯುತ್ತದೆ. ಟಿ ಕೋಶ ನನ್ನ ಕಿಡ್ನಿಯನ್ನು ನೋಡುತ್ತದೆ, ಆದರೆ ಸಾವಿರವಾಗಿ ಬೆಳೆಯುವುದಿಲ್ಲ.

ಅವನು ಯಾವ ಬೂಸ್ಟರ್ ಪುಡಿಯನ್ನೂ ಮುಟ್ಟುವುದಿಲ್ಲ. ಒಬ್ಬ ನೆಂಟರು ಪ್ರೀತಿಯಿಂದಲೇ ಒಂದು ಕಷಾಯ ತಂದುಕೊಟ್ಟಿದ್ದರು. ಬೇಡ ಅಂದಾಗ ಅವರಿಗೆ ಬೇಜಾರಾಯಿತು. ಆದರೆ ಕೆಲವು ಗಿಡಮೂಲಿಕೆಗಳು ಈ ಮಾತ್ರೆಯ ಮಟ್ಟವನ್ನೇ ಏರುಪೇರು ಮಾಡುತ್ತವೆ. ಡಾಕ್ಟರನ್ನು ಕೇಳದೆ ಯಾರೂ ತಗೊಳ್ಳಬೇಡಿ.

ಮೆಲ್ಬರ್ನ್ ಕನ್ನಡಿಗ

ಅಣ್ಣನವರೇ, ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ತೋಟದವರಿಗೆ: ಜಾಸ್ತಿಯಾದರೆ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಹಾಯಕ ಕೋಶ ಯಾವ ರೀತಿಯ ಸಹಾಯ ಕೊಟ್ಟಿತು ಅನ್ನುವುದೇ ಹೆಚ್ಚು ಮುಖ್ಯ. 1986ರಲ್ಲಿ ಮೋಸ್‌ಮನ್ ಮತ್ತು ಕಾಫ್‌ಮನ್ ಇಲಿಯ ಸಹಾಯಕ ಕೋಶಗಳಲ್ಲಿ ಎರಡು ಬಗೆ ತೋರಿಸಿದರು. ಟಿಎಚ್1 ಬಗೆ ಮ್ಯಾಕ್ರೋಫೇಜನ್ನು ಕೆರಳಿಸುತ್ತದೆ. ಟಿಎಚ್2 ಬಗೆ ಹೊಟ್ಟೆಹುಳದಂಥವುಗಳ ವಿರುದ್ಧ ಕೆಲಸಕ್ಕೆ ಬರುತ್ತದೆ. ಆದರೆ ಅದೇ ಬಗೆ ದೂಳಿಗೋ ಹೂವಿನ ಪರಾಗಕ್ಕೋ ಕೆರಳಿದರೆ ಅಲರ್ಜಿ, ಕೆಲವರಲ್ಲಿ ಅಸ್ತಮಾ.

ಕುಷ್ಠರೋಗದಲ್ಲಿ ಇದು ಬಹಳ ಚೆನ್ನಾಗಿ ಕಾಣುತ್ತದೆ. ಬ್ಯಾಕ್ಟೀರಿಯ ಒಂದೇ. ಟಿಎಚ್1 ಬಲವಾಗಿರುವವರಲ್ಲಿ ಕೆಲವೇ ಮಚ್ಚೆಗಳು, ಚರ್ಮದಲ್ಲಿ ಬ್ಯಾಕ್ಟೀರಿಯ ಹುಡುಕಿದರೂ ಸಿಗುವುದು ಕಷ್ಟ. ಅದು ದುರ್ಬಲವಾಗಿ ಟಿಎಚ್2 ಕಡೆ ವಾಲಿದವರಲ್ಲಿ ಮೈತುಂಬ ಗಂಟು, ಚರ್ಮದ ತುಂಬ ಬ್ಯಾಕ್ಟೀರಿಯ. ಅವರಲ್ಲಿ ಆ್ಯಂಟಿಬಾಡಿಯೇನೋ ಧಾರಾಳವಾಗಿರುತ್ತದೆ. ಆದರೆ ಕೋಶದ ಒಳಗೆ ಕೂತ ಬ್ಯಾಕ್ಟೀರಿಯಕ್ಕೆ ಅದು ತಾಗುವುದೇ ಇಲ್ಲ. ಹಾಗೆಂದು ಟಿಎಚ್1 ಬಲವಾಗಿರುವುದು ಪೂರ್ತಿ ಲಾಭವೂ ಅಲ್ಲ, ಆ ಕೆರಳಿಕೆಯಲ್ಲೇ ನರಗಳಿಗೆ ಬೇಗ ಪೆಟ್ಟಾಗುತ್ತದೆ.

ಇದೇ ಸಿಡಿ4 ಮನೆತನದಲ್ಲಿ ತಡೆಯುವ ಕೋಶಗಳೂ ಇವೆ. ನಿಯಂತ್ರಕ ಟಿ ಕೋಶ ಅನ್ನುತ್ತೇವೆ. ಸಕಾಗುಚಿ, ಬ್ರಂಕೋ, ರ‍್ಯಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ಬಂದದ್ದು ಇವುಗಳ ಕೆಲಸ ಬಿಡಿಸಿಟ್ಟಿದ್ದಕ್ಕೆ. ಇವುಗಳನ್ನು ರೂಪಿಸುವ ಫಾಕ್ಸ್‌ಪಿ3 ಜೀನ್ ಕೆಟ್ಟ ಮಕ್ಕಳಲ್ಲಿ ದೇಹ ತನ್ನದೇ ಕರುಳು, ಚರ್ಮ, ಮೇದೋಜೀರಕದ ಮೇಲೆ ಬೀಳುತ್ತದೆ.

ಮಕ್ಕಳ ಡಾಕ್ಟರ್

ಒಂದು ತಿದ್ದುಪಡಿ. ಶೀರ್ಷಿಕೆಯಲ್ಲಿ "ಯಾರನ್ನೂ ಕೊಲ್ಲದ" ಅಂತ ಇದೆ. ಕೆಲವು ಸಿಡಿ4 ಕೋಶಗಳು ಕೊಲ್ಲುವುದನ್ನೂ ಕಲಿಯುತ್ತವೆ ಅಲ್ವಾ?

ಮೆಲ್ಬರ್ನ್ ಕನ್ನಡಿಗ

ಹೌದು, ನಿಮ್ಮ ಮಾತು ಸರಿ. ಸಿಎಂವಿಯಂಥ ಬಹುಕಾಲ ಉಳಿಯುವ ಸೋಂಕುಗಳಲ್ಲಿ ಅಂಥ ಕೋಶಗಳು ಚೆನ್ನಾಗಿ ಕಾಣುತ್ತವೆ. ಪಿಯು ಪಾಠದ ಮಟ್ಟಿಗೆ "ಮುಖ್ಯ ಕೆಲಸ ಕೊಲ್ಲುವುದಲ್ಲ" ಅಂದರೆ ತಪ್ಪಾಗುವುದಿಲ್ಲ.

ಬಯಾಲಜಿ ಟೀಚರ್

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ! ಇವತ್ತು ತರಗತಿಯಲ್ಲಿ ಸೊಸೈಟಿ ಚೆಕ್ಕಿನಿಂದಲೇ ಶುರುಮಾಡಿದೆ. ಇಬ್ಬರು ಮಕ್ಕಳನ್ನು ಕರೆದು ಬೋರ್ಡಿನ ಮೇಲೆ ಸಹಿ ಹಾಕಿಸಿದೆ. ಆಮೇಲೆ ಹಿಬ್ ಲಸಿಕೆ, ಹೈಪರ್ ಐಜಿಎಂ. ಗಂಟೆ ಹೊಡೆದದ್ದು ಯಾರಿಗೂ ಗೊತ್ತಾಗಲಿಲ್ಲ.

ಅದೇ ಹುಡುಗಿ ಮತ್ತೆ ಎದ್ದು ನಿಂತಳು. ಅವಳ ಅಜ್ಜನಿಗೆ ಹಿಂದೆ ಕ್ಷಯ ಇತ್ತಂತೆ. ಮನೆಯವರಿಗೆಲ್ಲ ಕ್ಷಯದ ಸೋಂಕು ನೋಡುವ ಮಾಂಟೂ ಪರೀಕ್ಷೆಗೆ ಕೈಗೆ ಚುಚ್ಚಿ ಎರಡು ಮೂರು ದಿನ ಬಿಟ್ಟು ಗುಳ್ಳೆ ಅಳೆದಿದ್ದರಂತೆ. "ಆ ಗುಳ್ಳೆಯನ್ನು ಮಾಡುವವರು ಯಾರು ಮೇಡಂ? ಸಹಾಯಕ ಕೋಶವೇ ಆದರೆ, ಎಚ್‌ಐವಿ ಇರುವವರಿಗೆ ಗುಳ್ಳೆ ಬರುತ್ತದಾ?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಿತು, ಆದರೂ ತಿಳಿದವರ ಬಾಯಿಂದ ಕೇಳಿ ನಾಳೆ ಹೇಳುತ್ತೇನೆ ಅಂದೆ.

ಎಆರ್‌ಟಿ ಕೌನ್ಸೆಲರ್

ಅವಳು ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾಳೆ ಮೇಡಂ. ಆ ಗುಳ್ಳೆಗೆ ಕಾರಣ ಕ್ಷಯದ ಪ್ರೋಟೀನನ್ನು ಮೊದಲೇ ಕಂಡು ನೆನಪಿಟ್ಟುಕೊಂಡ ಸಹಾಯಕ ಟಿ ಕೋಶಗಳು. ಅವು ಬಂದು ಸೇರಿ, ಮ್ಯಾಕ್ರೋಫೇಜ್‌ಗಳನ್ನು ಕರೆದು, ಚರ್ಮ ಗಟ್ಟಿಯಾಗಲು 48ರಿಂದ 72 ಗಂಟೆ ಬೇಕು. ಅದಕ್ಕೇ ಅದೇ ದಿನ ಓದುವುದಿಲ್ಲ.

ಸಿಡಿ4 ತೀರಾ ಇಳಿದವರಲ್ಲಿ ಕ್ಷಯದ ಸೋಂಕು ಇದ್ದರೂ ಗುಳ್ಳೆ ಏಳದೇ ಇರಬಹುದು. ಸಾಮಾನ್ಯರಲ್ಲಿ 10 ಮಿಲಿಮೀಟರ್ ನೋಡಿದರೆ, ಎಚ್‌ಐವಿ ಇರುವವರಲ್ಲಿ 5 ಮಿಲಿಮೀಟರನ್ನೇ ಪಾಸಿಟಿವ್ ಅನ್ನುವುದು ಅದಕ್ಕೇ. ಮಾಂಟೂ ನೆಗೆಟಿವ್ ಬಂತು ಅಂತ ನಾವು ಯಾರನ್ನೂ ಮನೆಗೆ ಕಳಿಸಿಬಿಡುವುದಿಲ್ಲ. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು, ಈ ನಾಲ್ಕನ್ನು ಪ್ರತಿ ಸಲ ಬಂದಾಗಲೂ ಕೇಳುತ್ತೇವೆ. ಒಂದಿದ್ದರೂ ಕಫ ಪರೀಕ್ಷೆಗೆ ಕಳಿಸುತ್ತೇವೆ. ಅವಳಿಗೆ ಇಷ್ಟನ್ನೂ ಹೇಳಿ. ಪಿಯು ಮುಗಿದ ಮೇಲೆ ಏನು ಓದಬೇಕು ಅಂತ ಅವಳು ಕೇಳಿದರೆ, ಇಲ್ಲಿಗೆ ಬಂದು ಬರೆಯಲು ಹೇಳಿ, ನಾವಿದ್ದೇವೆ.